ಕಲ್ಲುಣ್ಣೆಯ ತೂಕ, ತಿದ್ದಿದ ಪ್ರತಿ

೧

ಈ ಕತೆಯನ್ನು ಎಲ್ಲಿಂದ ಹಿಡಿಯಬೇಕು ಎಂಬುದೇ ಮೊದಲ ತಕರಾರು. ನಾನು ಬರೆದಿಟ್ಟಿದ್ದ ಮೊದಲ ವಾಕ್ಯ ಹೀಗಿತ್ತು: ‘ನಲವತ್ತೆರಡು ದಾಟಿದ ಆಕೆ ಕಿಟಕಿಯಾಚೆಯ ಬೂದು ಆಕಾಶವನ್ನು ನೋಡುತ್ತ ನಿಟ್ಟುಸಿರಿಟ್ಟಳು.’

ಆಕೆ ಅದನ್ನು ಓದಿ ಮೂರು ಪ್ರಶ್ನೆ ಕೇಳಿದಳು. ನಲವತ್ತೆರಡು ಎಂದು ಯಾರು ಹೇಳಿದರು? ತನ್ನ ಮೇಜಿನ ಮುಂದೆ ಕಿಟಕಿ ಎಲ್ಲಿದೆ? ಆಮೇಲೆ, ನಿಟ್ಟುಸಿರಿಗೆ ಏನು ಆಧಾರ?

(ಆಧಾರ ಕೇಳುವುದು ಆಕೆಯ ಕಸುಬು. ಮುನಿಸಿಕೊಳ್ಳಬೇಡಿ. ಮೊದಮೊದಲು ನಾನೂ ಮುನಿಸಿಕೊಂಡಿದ್ದೆ.)

ಸರಿ, ತಿದ್ದಿದೆ. ವಯಸ್ಸು ನಲವತ್ತಾರು. ಮೇಜಿನ ಮುಂದೆ ಇರುವುದು ಗೋಡೆ. ಗೋಡೆಯ ಮೇಲೊಂದು ಹಲಗೆ, ಹಲಗೆಯ ಮೇಲೆ ಅಂಗೈಯಗಲದ ತುಣುಕುಗಳು: ಇಟ್ಟಿಗೆ, ಗಾಜು, ಜಿಪ್ಸಮ್, ಕಾರ್ಕು, ಸುಣ್ಣದ ಗಾರೆ. ಪ್ರತಿಯೊಂದರ ಕೆಳಗೂ ಒಂದು ಚೀಟಿ. ನಿಟ್ಟುಸಿರನ್ನು ಹೊಡೆದುಹಾಕಿದ್ದೇನೆ. ಆ ಮಂಗಳವಾರ ಹನ್ನೊಂದು ಗಂಟೆಯವರೆಗೆ ಆಕೆಗೆ ನಿಟ್ಟುಸಿರು ಬಿಡುವಂಥದ್ದೇನೂ ಆಗಿರಲಿಲ್ಲ.

೨

ಆಫೀಸಿನಲ್ಲಿ ಎಲ್ಲರೂ ಆಕೆಯನ್ನು ಸಾಂದ್ರಕ್ಕ ಎನ್ನುತ್ತಾರೆ. ಯಾರು ಯಾವ ಹೊಸ ವಸ್ತು ಹಿಡಿದು ಬಂದರೂ, ಬಣ್ಣವಾಗಲಿ ಬಾಗಿಲಾಗಲಿ, ಆಕೆಯ ಮೊದಲ ಮಾತು ‘ಸಾಂದ್ರತೆ ಎಷ್ಟು?’ ಎಂದೇ. ಒಂದು ಘನ ಮೀಟರ್ ಜಾಗದಲ್ಲಿ ಅದನ್ನು ತುಂಬಿದರೆ ಎಷ್ಟು ಕಿಲೋ ತೂಗುತ್ತದೆ, ಅಷ್ಟೇ ಆ ಪ್ರಶ್ನೆಯ ಅರ್ಥ. ಹೆಸರಿಟ್ಟವನು ಕೆಲಸ ಬಿಟ್ಟು ಹೋಗಿ ವರ್ಷಗಳಾದವು, ಹೆಸರು ಮಾತ್ರ ಬಿಟ್ಟುಹೋಗಲಿಲ್ಲ.

ಆ ಹನ್ನೊಂದು ಜನರ ಆಫೀಸು ಒಂದು ಸಾಫ್ಟ್‌ವೇರ್ ಮಾಡುತ್ತದೆ. ಕಟ್ಟಡವೊಂದರ ಗೋಡೆ, ಚಾವಣಿ, ನೆಲ ಎಲ್ಲದರ ಅಳತೆಯನ್ನು ಅದಕ್ಕೆ ಉಣಿಸಿದರೆ, ಗಣಿಯಿಂದ ಕಲ್ಲು ತೆಗೆದ ದಿನದಿಂದ ಹಿಡಿದು ಕಟ್ಟಡ ಕೆಡವಿ ಮಣ್ಣುಪಾಲು ಮಾಡುವ ದಿನದವರೆಗೆ ಅದು ಗಾಳಿಗೆ ಎಷ್ಟು ಇಂಗಾಲ ಬಿಡುತ್ತದೆ ಎಂದು ಹೇಳುತ್ತದೆ. ಕಟ್ಟಡದ ಜಾತಕ ಎನ್ನಬಹುದು. (ಎನ್ನಬೇಡಿ ಎಂದಳು ಸಾಂದ್ರಕ್ಕ. ಇರಲಿ ಬಿಡಿ, ಇದೊಂದನ್ನು ನಾನು ಹೊಡೆದುಹಾಕುವುದಿಲ್ಲ.)

ಸಾಫ್ಟ್‌ವೇರಿಗೆ ಸ್ವಂತ ಬುದ್ಧಿ ಎಂಬುದಿಲ್ಲ, ಗುಣಾಕಾರ ಮಾತ್ರ ಗೊತ್ತು. ಯಾವುದನ್ನು ಯಾವುದರಿಂದ ಗುಣಿಸಬೇಕು ಎನ್ನುವುದು ವಸ್ತುಕೋಶದಲ್ಲಿದೆ. ಅದರಲ್ಲಿ ಸಾವಿರದ ಎಂಟುನೂರು ಸಾಲು, ಸಾಲಿಗೊಂದು ವಸ್ತು. ಪ್ರತಿ ಸಾಲಿನಲ್ಲೂ ಅದರ ತೂಕ, ಅದು ತನ್ನ ಮೂಲಕ ಎಷ್ಟು ಶಾಖ ಹೊರಹೋಗಲು ಬಿಡುತ್ತದೆ, ಎಷ್ಟು ವರ್ಷ ಬಾಳುತ್ತದೆ, ಕೊನೆಗೆ ಎಲ್ಲಿ ಹೋಗಿ ಬೀಳುತ್ತದೆ ಎಂಬ ವಿವರ. ಈ ವಸ್ತುಕೋಶ ಸಾಂದ್ರಕ್ಕನದು. ಒಂದು ಸಾಲಿನಲ್ಲಿರುವ ಗುಣಗಳೆಲ್ಲ ಒಂದೇ ವಸ್ತುವಿನವಾಗಿರಬೇಕು ಎನ್ನುವುದು ಆಕೆಯ ಹಟ. ಒಂದರ ತೂಕ, ಇನ್ನೊಂದರ ಶಾಖ, ಮತ್ತೊಂದರ ಆಯಸ್ಸು ಸೇರಿಕೊಂಡುಬಿಟ್ಟರೆ, ಲೋಕದಲ್ಲಿ ಯಾರೂ ತಯಾರಿಸದ ವಸ್ತುವೊಂದು ಪರದೆಯ ಮೇಲೆ ಹುಟ್ಟಿಬಿಡುತ್ತದೆ. ಲೆಕ್ಕ ಮಾತ್ರ ಸಲೀಸಾಗಿ ನಡೆಯುತ್ತದೆ. ಗುಣಾಕಾರಕ್ಕೆ ನಾಚಿಕೆ ಇಲ್ಲ.

೩

ಹನ್ನೊಂದು ಗಂಟೆಗೆ ಫೋನು ಬಂತು. (ನನ್ನ ಕರಡಿನಲ್ಲಿ ಅದು ನಡುರಾತ್ರಿಯ ಫೋನಾಗಿತ್ತು. ಕಟ್ಟಡದ ದಾಸ್ತಾನು ನೋಡಿಕೊಳ್ಳುವವರು ನಡುರಾತ್ರಿ ಯಾಕೆ ಎದ್ದಿರುತ್ತಾರೆ ಎಂದು ಆಕೆ ಕೇಳಿದ ಮೇಲೆ ಬೆಳಗಿಗೆ ತಂದೆ.)

ಆ ಕಡೆ ಇದ್ದ ದಾಸ್ತಾನಿನವರು ಬಹಳ ಮೆತ್ತಗಿನ ಮನುಷ್ಯ. ತಮ್ಮಲ್ಲಿ ಒಂದು ಕಟ್ಟಡ ಏಳುತ್ತಿದೆ, ಹೊರಗೋಡೆಗೆ ಹೊದಿಸಲು ಕಲ್ಲುಣ್ಣೆಯ ಹಲಗೆಗಳು ಬಂದಿವೆ, ಕ್ರೇನಿಗೆ ಎಷ್ಟು ಭಾರ ಹೊರಿಸಬೇಕು ಎಂದು ನಿಮ್ಮ ಸಾಫ್ಟ್‌ವೇರಿನಲ್ಲಿ ನೋಡಿದೆ ಎಂದರು. ಸಾವಿರದ ನಾನೂರು ಚದರ ಮೀಟರ್ ಗೋಡೆಗೆ ಒಂಬತ್ತು ಟನ್ ಎಂದು ಅದು ಹೇಳಿತ್ತು. ಲಾರಿಗಳನ್ನು ವೇಬ್ರಿಡ್ಜಿನ ಮೇಲೆ ಹತ್ತಿಸಿ ತೂಗಿದರೆ ಮೂವತ್ತೊಂದು ಟನ್ ಚಿಲ್ಲರೆ ಬಂತು.

“ತಪ್ಪು ತಿಳೀಬೇಡಿ ಮೇಡಂ. ಹಲಗೆ ದಾರೀಲಿ ನೀರು ಕುಡಿದಿರಬಹುದಾ ಅಂತ ನಮ್ಮವರನ್ನ ಕೇಳ್ದೆ. ಇಪ್ಪತ್ತೆರಡು ಟನ್ ನೀರು ಕುಡಿಯೋ ಹಲಗೆ ಇಲ್ಲಪ್ಪ ಅಂದ್ರು.”

ಸಾಂದ್ರಕ್ಕ ನಕ್ಕಳು. ನೋಡಿ ಹೇಳುತ್ತೇನೆ ಎಂದು ಫೋನಿಟ್ಟಳು. ನಗು ಇನ್ನೂ ಮುಖದ ಮೇಲಿದ್ದಾಗಲೇ ಆ ಸಾಲನ್ನು ತೆರೆದಳು.

ಕಲ್ಲುಣ್ಣೆ ಎಂದರೆ ಕಲ್ಲನ್ನು ಕರಗಿಸಿ, ಎಳೆಎಳೆಯಾಗಿ ನೂತು, ಒತ್ತಿ ಮಾಡಿದ್ದು. ಅದರಲ್ಲಿ ಎರಡು ಬಗೆ. ಮೆತ್ತಗಿನ ಹಾಸು ಒಂದು, ಸುರುಳಿ ಸುತ್ತಿ ತಂದು ಚಾವಣಿಯ ಸಂದಿಯಲ್ಲಿ ತುರುಕುತ್ತಾರೆ, ಘನ ಮೀಟರಿಗೆ ನಲವತ್ತು ಕಿಲೋ. ಇನ್ನೊಂದು ಗಟ್ಟಿ ಹಲಗೆ, ಹೊರಗೋಡೆಗೆ ಜಡಿದು ಮೇಲೆ ಗಾರೆ ಬಳಿಯುತ್ತಾರೆ, ನೂರ ನಲವತ್ತು ಕಿಲೋ. ಪರದೆಯ ಮೇಲಿದ್ದ ಹೆಸರು ಹಲಗೆಯದು. ಶಾಖದ ಅಂಕಿ ಹಲಗೆಯದು. ಆಯಸ್ಸು ಹಲಗೆಯದು. ತೂಕ ಮಾತ್ರ ಹಾಸಿನದು, ನಲವತ್ತು.

ಹಾಸಿನಷ್ಟು ಹಗುರ, ಹಲಗೆಯಷ್ಟು ಗಟ್ಟಿ. ಅಂಥದ್ದನ್ನು ಯಾರಾದರೂ ತಯಾರಿಸಿದರೆ ಅವರ ಕಾಲಿಗೆ ಬೀಳಬೇಕು. ಯಾರೂ ತಯಾರಿಸಿಲ್ಲ.

೪

ಪ್ರತಿ ಸಾಲಿಗೂ ‘ಚರಿತ್ರೆ’ ಎಂಬ ಗುಂಡಿಯಿದೆ. ಯಾರು, ಯಾವಾಗ, ಏನು ಬದಲಾಯಿಸಿದರು ಎಂಬುದು ಅದರೊಳಗೆ ಅಳಿಸಲಾಗದ ಹಾಗೆ ಇರುತ್ತದೆ. ಅಳಿಸಲಾಗದ ಹಾಗೆ ಇರಲಿ ಎಂದು ಕಾದಾಡಿ ಮಾಡಿಸಿದವಳು ಸಾಂದ್ರಕ್ಕನೇ.

ಎಂಟು ವರ್ಷದ ಹಿಂದಿನ ಒಂದು ಶುಕ್ರವಾರ. ‘ಎರಡು ಸಾಲು ಕೂಡಿಸಿದೆ. ನಕಲು ತೆಗೆದಿದೆ. ಈಗ ಎಲ್ಲ ಏಕರೂಪ.’ ಕೆಳಗೆ ಸಹಿ.

ಸಹಿ ಆಕೆಯದೇ.

ಇಲ್ಲಿ ನಾನು ನಡುವೆ ಬಾಯಿ ಹಾಕಿದೆ. ಕತೆಗಾರನಿಗೆ ಪಾತ್ರದ ಮೇಲೆ ಕನಿಕರ ಹುಟ್ಟಬಾರದೆಂದೇನೂ ಇಲ್ಲ. ಸಹಿಯನ್ನು ಆಕೆಗೆ ಹೆಸರಿಟ್ಟು ಕೆಲಸ ಬಿಟ್ಟು ಹೋದವನ ತಲೆಗೆ ಕಟ್ಟೋಣ, ಅವನು ಹೇಗೂ ಕತೆಯೊಳಗಿಲ್ಲ, ಬೇಜಾರು ಮಾಡಿಕೊಳ್ಳುವುದಿಲ್ಲ ಎಂದೆ.

“ಹಾಗೆ ಮಾಡೋದಾದ್ರೆ ಈ ಕತೇಲಿ ನಾನಿರಲ್ಲ, ನೀವೇ ನೋಡ್ಕೊಳ್ಳಿ” ಎಂದಳು.

ಆ ಬೇಸಿಗೆ ಆಕೆಗೆ ಚೆನ್ನಾಗಿ ನೆನಪಿತ್ತು. ವಸ್ತುಕೋಶವನ್ನು ಗುಡಿಸಿ ಸಾರಿಸಿ ಒಪ್ಪ ಮಾಡಿದ ಬೇಸಿಗೆ ಅದು. ಎರಡು ಸಾವಿರದ ಆರುನೂರು ಸಾಲಿದ್ದದ್ದನ್ನು ಸಾವಿರದ ಎಂಟುನೂರಕ್ಕೆ ಇಳಿಸಿದ್ದಳು. ಒಂದೇ ವಸ್ತುವಿಗೆ ಮೂರು ಕಡೆ ಮೂರು ತೂಕ, ಒಂದು ಕಡೆ ಕಿಲೋ, ಇನ್ನೊಂದು ಕಡೆ ಟನ್, ಅಂಥ ಎಲ್ಲ ಅಸಡ್ಡಾಳವನ್ನೂ ಹೆಕ್ಕಿ ತೆಗೆದಿದ್ದಳು. ಬೇರೆ ಆಫೀಸಿನವರು ಬಂದು ನೋಡಿಕೊಂಡು ಹೋಗಿದ್ದರು. ಅಷ್ಟು ದೊಡ್ಡ ಮನೆಯನ್ನು ಚೊಕ್ಕಟ ಮಾಡುವ ಭರದಲ್ಲಿ ಒಂದು ಕಡೆ ಕಸದ ಜೊತೆ ಮನೆಯ ವಸ್ತುವೂ ಹೊರಗೆ ಬಿದ್ದಿತ್ತು.

ಈಗ ನಿಟ್ಟುಸಿರು ಬಿಟ್ಟಳೇ? ಇಲ್ಲ. ಬಾಟಲಿಯ ನೀರನ್ನು ಪೂರ್ತಿ ಕುಡಿದಳು. ಆಮೇಲೆ ಎಷ್ಟು ಕಟ್ಟಡಗಳು ಈ ಸಾಲನ್ನು ಬಳಸಿವೆ ಎಂದು ಹುಡುಕಿದಳು.

ಅರವತ್ತೊಂದು.

೫

ಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಮೂವತ್ನಾಲ್ಕು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಸೊಸೆಯ ಮುಖ ನೋಡಿ ಜ್ವರ ಇದೆಯೇ ಎಂದು ಹಣೆ ಮುಟ್ಟಿದರು. ಜ್ವರವಿಲ್ಲ ಎಂದು ಖಾತ್ರಿಯಾದ ಮೇಲೆ, ಹಾಗಾದರೆ ಏನೋ ತಪ್ಪಾಗಿದೆ, ಹೇಳು ಎಂದರು. ಗಂಡ ರೈಲು ಓಡಿಸುವವನು, ಆ ವಾರ ಊರಲ್ಲಿರಲಿಲ್ಲ.

ಸಾಂದ್ರಕ್ಕ ಎಲ್ಲ ಹೇಳಿದಳು. ಅತ್ತೆಗೆ ಕಲ್ಲುಣ್ಣೆ ಗೊತ್ತಿರಲಿಲ್ಲ, ಆದರೆ ಒಂದರ ಚೀಟಿ ಇನ್ನೊಂದಕ್ಕೆ ಅಂಟಿದರೆ ಏನಾಗುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ತಾವು ಕೆಲಸಕ್ಕೆ ಸೇರಿದ ಆರನೇ ವರ್ಷ ಅಕ್ಕಪಕ್ಕದ ಎರಡು ಹಾಸಿಗೆಯ ಔಷಧಿ ಅದಲುಬದಲು ಮಾಡಿದ್ದನ್ನು ಮೊದಲ ಸಲ ಬಾಯಿಬಿಟ್ಟರು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಒಬ್ಬ ಮುದುಕರಿಗೆ ಮೂರು ದಿನ ತಲೆಸುತ್ತು ಬಂತು. ಅವರ ಮಗಳ ಮುಂದೆ ಹೋಗಿ ನಿಂತು ಹೇಳಿದೆ, ಹೇಳುತ್ತ ಅತ್ತುಬಿಟ್ಟೆ, ಕೊನೆಗೆ ಆ ಹುಡುಗಿಯೇ ನನ್ನ ಬೆನ್ನು ಸವರಿ ಸಮಾಧಾನ ಮಾಡಿದಳು, ಅದೇ ನನಗೆ ಇವತ್ತಿಗೂ ನಾಚಿಕೆ ಎಂದರು.

“ಹೇಳೋಕೆ ಹೋಗ್ತೀಯಲ್ಲ, ಹೋಗು. ಆದ್ರೆ ಅಳಬೇಡ. ಅವರ ಕೈಲಿ ನಿನ್ನ ಸಮಾಧಾನ ಮಾಡಿಸ್ಕೋಬೇಡ. ಪಾಪ, ಅವರಿಗೆ ಅವರದ್ದೇ ಇರುತ್ತೆ.”

ಹೋಗುತ್ತೇನೆ ಎಂದು ಸಾಂದ್ರಕ್ಕ ಹೇಳಿಯೇ ಇರಲಿಲ್ಲ. ಅತ್ತೆ ಬಟಾಣಿಯ ಬಟ್ಟಲನ್ನು ಅವಳ ಮುಂದಕ್ಕೆ ಸರಿಸಿದರು.

೬

ಆಫೀಸಿನ ಮುಖ್ಯಸ್ಥನನ್ನು ಖಳನನ್ನಾಗಿ ಮಾಡಬೇಕೆಂದು ನನಗೆ ಬಹಳ ಆಸೆಯಿತ್ತು. ಕೊರಳಿಗೆ ಬಿಗಿಯಾದ ಟೈ, ಬೆರಳಲ್ಲಿ ಉಂಗುರ, ಎಲ್ಲ ಯೋಚಿಸಿಟ್ಟಿದ್ದೆ. ಆದರೆ ಅವನು ಮೊಣಕೈ ಹರಿದ ಸ್ವೆಟರ್ ಹಾಕಿಕೊಂಡು ಬಂದು, ಆಕೆ ಹೇಳಿದ್ದನ್ನು ಪೂರ್ತಿ ಕೇಳಿ, ತನ್ನ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟು ಮೇಜಿನ ಮೇಲೆ ಕೂತ. ಖಳರು ಹಾಗೆ ಮಾಡುವುದಿಲ್ಲ.

ಅವನಿಗೆ ಹೆದರಿಕೆಯಿತ್ತು, ಅಷ್ಟೇ. ಮುಂದಿನ ಆವೃತ್ತಿಯಲ್ಲಿ ಸರಿಮಾಡೋಣ, ‘ಕೆಲವು ಮೌಲ್ಯಗಳನ್ನು ಪರಿಷ್ಕರಿಸಲಾಗಿದೆ’ ಎಂದು ಒಂದು ಸಾಲು ಹಾಕೋಣ, ಹಳೆಯ ಕಟ್ಟಡಗಳು ಹೇಗೂ ಎದ್ದು ನಿಂತಿವೆ ಎಂದ. ಸಾಂದ್ರಕ್ಕ ಒಪ್ಪಲಿಲ್ಲ. ಅರವತ್ತೊಂದು ಲೆಕ್ಕವನ್ನೂ ಸರಿಯಾದ ತೂಕದಿಂದ ಮತ್ತೆ ಮಾಡುತ್ತೇನೆ, ಅರವತ್ತೊಂದು ಜನರಿಗೂ ಕಾಗದ ಹೋಗಬೇಕು ಎಂದಳು.

“ಕಾಗದದಲ್ಲಿ ನಿನ್ನ ಹೆಸರು ಬರುತ್ತೆ” ಎಂದ ಅವನು, ಗದರಿಸಿಯಲ್ಲ, ಕಾಳಜಿಯಿಂದ.

“ಬರಲಿ. ಚರಿತ್ರೇಲಿ ಆಗಲೇ ಇದೆ.”

ಆಮೇಲೆ ಇಡೀ ದಿನ ಒಂದೇ ಶಬ್ದದ ಮೇಲೆ ಜಗಳ. ಅವನು ‘ಪರಿಷ್ಕರಣೆ’ ಎಂದ, ಆಕೆ ‘ತಪ್ಪು’ ಎಂದಳು. ಅವನು ‘ವ್ಯತ್ಯಾಸ’ಕ್ಕೆ ಇಳಿದ, ಆಕೆ ‘ತಪ್ಪು’ ಎಂದಳು. ಅವನು ‘ದೋಷ’ ಎನ್ನುವ ಹೊತ್ತಿಗೆ ಆಫೀಸಿನ ದೀಪ ಆರಿಸುವ ಸಮಯವಾಗಿತ್ತು. ಕಾಗದ ‘ತಪ್ಪು’ ಎಂದೇ ಹೋಯಿತು. ಕೆಳಗೆ ಇಬ್ಬರ ಸಹಿ, ಅವನದು ಮೇಲೆ.

ಅರವತ್ತೊಂದರಲ್ಲಿ ಐವತ್ತೆಂಟು ಕಟ್ಟಡಗಳಲ್ಲಿ ಅಂಕಿ ಬದಲಾಯಿತು, ತೀರ್ಮಾನ ಬದಲಾಗಲಿಲ್ಲ. ಎರಡು ಇನ್ನೂ ಕಾಗದದ ಮೇಲೇ ಇದ್ದವು, ತಿದ್ದಿಕೊಳ್ಳಬಹುದಿತ್ತು. ಉಳಿದದ್ದು ಒಂದು. ಎರಡು ವರ್ಷದ ಹಿಂದೆ ಕಟ್ಟಿದ ಸಾರ್ವಜನಿಕ ವಾಚನಾಲಯ. ಅದರ ಹೊರಗೋಡೆಗೆ ಇಬ್ಬರು ಪೈಪೋಟಿಗೆ ನಿಂತಿದ್ದರು: ಕಾಂಕ್ರೀಟು ಗೋಡೆಗೆ ಕಲ್ಲುಣ್ಣೆ ಹೊದಿಸುವವರು ಒಬ್ಬರು, ದಪ್ಪ ತೂತಿಟ್ಟಿಗೆಯಲ್ಲೇ ಇಡೀ ಗೋಡೆ ಕಟ್ಟುವವರು ಇನ್ನೊಬ್ಬರು. ಚದರ ಮೀಟರಿಗೆ ಯಾರ ಇಂಗಾಲ ಕಡಿಮೆಯೋ ಅವರಿಗೆ ಕೆಲಸ. ಕಲ್ಲುಣ್ಣೆಗೆ ಐವತ್ತು ಕಿಲೋ ಬಂತು, ಇಟ್ಟಿಗೆಗೆ ಐವತ್ತನಾಲ್ಕು. ಇಟ್ಟಿಗೆ ಸೋತಿತು.

ಸರಿಯಾದ ತೂಕ ಹಾಕಿದರೆ ಕಲ್ಲುಣ್ಣೆಗೆ ಬರುತ್ತಿದ್ದದ್ದು ಅರವತ್ತೇಳೂವರೆ.

೭

ಇಟ್ಟಿಗೆಯವರಿಗೆ ಕಾಗದ ಕಳಿಸಿ ಸುಮ್ಮನಿರಬಹುದಿತ್ತು. ಸಾಂದ್ರಕ್ಕ ಬಸ್ಸು ಹತ್ತಿದಳು. ಬಸ್ಸು ಕಾರ್ಖಾನೆಗಳ ಬೆನ್ನಿನ ಸಂದಿಯಲ್ಲಿ, ಸೇತುವೆಯ ಕೆಳಗೆ, ಒಂದೂವರೆ ಗಂಟೆ ಹೋಗಿ ನದಿಯ ಪಕ್ಕ ನಿಂತಿತು. ಅಲ್ಲಿ ಇಟ್ಟಿಗೆಯ ಗೂಡು, ಅದರ ಉದ್ದನೆಯ ಚಿಮಣಿ, ಚಿಮಣಿಯ ಬುಡದಲ್ಲಿ ತಗಡಿನ ಆಫೀಸು.

ಗೂಡನ್ನು ನಡೆಸುವಾಕೆಗೆ ಕೆಲಸದವರು ಇಟ್ಟಿರುವ ಹೆಸರು ಗೂಡಮ್ಮ. ಅರವತ್ತರ ಆಸುಪಾಸು, ಕಾಲಿಗೆ ರಬ್ಬರು ಬೂಟು, ಹುಬ್ಬಿನ ಮೇಲೆ ಕೆಂಪು ಧೂಳು. ಕೂತುಕೊಳ್ಳಿ ಎಂದರು. ಸಾಂದ್ರಕ್ಕ ನಿಂತೇ ಹೇಳಿದಳು.

“ಎರಡು ವರ್ಷದ ಹಿಂದೆ ವಾಚನಾಲಯದ ಕೆಲಸ ನಿಮಗೆ ತಪ್ಪಿಹೋಗಿದ್ದು ನಮ್ಮ ಲೆಕ್ಕದಿಂದ. ಆ ಲೆಕ್ಕ ತಪ್ಪಾಗಿತ್ತು. ತಪ್ಪು ಮಾಡಿದ್ದು ನಾನು.”

 ಗೂಡಮ್ಮ ಮೇಜಿನ ಮೇಲಿನ ಧೂಳನ್ನು ಅಂಗೈಯಿಂದ ಒಂದು ಕಡೆಗೆ ಸರಿಸಿದರು. ಮತ್ತೆ ಇನ್ನೊಂದು ಕಡೆಗೆ ಸರಿಸಿದರು. ಎಷ್ಟು ತಪ್ಪು ಎಂದು ಕೇಳಿದರು. ಸಾಂದ್ರಕ್ಕ ಅಂಕಿಗಳನ್ನು ಹೇಳಿದಳು, ಐವತ್ತು, ಐವತ್ತನಾಲ್ಕು, ಅರವತ್ತೇಳೂವರೆ. ಈಗ ಬೈಗುಳ ಬರುತ್ತದೆ ಎಂದು ಕಾದಳು. (ನಾನೂ ಕಾದೆ. ಒಳ್ಳೆ ಬೈಗುಳಗಳನ್ನು ಜೋಡಿಸಿಟ್ಟುಕೊಂಡಿದ್ದೆ.)

ಬಂದದ್ದು ಬೇರೆ. ಕೆಲಸ ಹೋದದ್ದು ದೊಡ್ಡದಲ್ಲ, ಕೆಲಸ ಬರುತ್ತೆ ಹೋಗುತ್ತೆ ಎಂದರು ಗೂಡಮ್ಮ. ದೊಡ್ಡದಾಗಿದ್ದದ್ದು ಆಗ ಬಂದ ಕಾಗದ. ‘ನಿಮ್ಮ ಇಟ್ಟಿಗೆಯ ಇಂಗಾಲ ಹೆಚ್ಚು’ ಎಂದಿತ್ತು ಅದರಲ್ಲಿ. ಅಪ್ಪನ ಕಾಲದಿಂದ ಮಾಡಿಕೊಂಡು ಬಂದ ಇಟ್ಟಿಗೆ ಲೋಕಕ್ಕೆ ಕೆಟ್ಟದ್ದು ಎಂದು ಯಾರೋ ಮುಖಕ್ಕೆ ಹೇಳಿದ ಹಾಗಾಯಿತು. ಅದಕ್ಕೇ ಮಣ್ಣಿನ ಹದ ಬದಲಾಯಿಸಿದರು. ಮರದ ಪುಡಿ ಜಾಸ್ತಿ, ಬೆಂಕಿ ಕಮ್ಮಿ. ಅಂಗಳದಲ್ಲಿ ಪೇರಿಸಿಟ್ಟ ಹೊಸ ಇಟ್ಟಿಗೆಗಳನ್ನು ತೋರಿಸಿದರು. ಹತ್ತಿರ ಹೋಗಿ ನೋಡಿದರೆ ಕೂದಲೆಳೆಯಂಥ ಬಿರುಕುಗಳು. ಹತ್ತರಲ್ಲಿ ಮೂರನ್ನು ಎಸೆಯಬೇಕಾಗಿತ್ತು.

ಗೂಡಿನ ಬೆಂಕಿ ನೋಡಿಕೊಳ್ಳುತ್ತಿದ್ದದ್ದು ಅವರ ಅಣ್ಣ. ಉರಿಯ ಬಣ್ಣ ನೋಡಿಯೇ ಎಷ್ಟು ಡಿಗ್ರಿ ಎಂದು ಹೇಳುವ ಮನುಷ್ಯ, ಎಲ್ಲರ ಬಾಯಲ್ಲೂ ಉರಿಯಣ್ಣ. ಹದ ಬದಲಾಯಿಸುವ ಮಾತು ಬಂದಾಗ ಅವರು ಒಪ್ಪಲಿಲ್ಲ.

“ಆ ಲೆಕ್ಕವೇ ಸುಳ್ಳು ಅಂದ. ಕಂಪ್ಯೂಟರಿಗೆ ನಿನ್ನ ಮೇಲೇನಾದ್ರೂ ದ್ವೇಷ ಇದೆಯಾ ಅಂತ ನಾನು ಕೇಳ್ದೆ. ಎಲ್ಲರೆದುರಿಗೆ ಕೇಳ್ದೆ.”

ಉರಿಯಣ್ಣ ಕೈಗವಸು ಬಿಚ್ಚಿ ಮೊಳೆಗೆ ನೇತುಹಾಕಿ ನದಿಯಾಚೆಯ ಹೆಂಚಿನ ಕಾರ್ಖಾನೆಗೆ ಸೇರಿಕೊಂಡರು. ಮನೆ ಮಾತ್ರ ಅದೇ. ಒಂದೇ ಅಂಗಳಕ್ಕೆ ಎರಡು ಬಾಗಿಲು, ಎರಡು ವರ್ಷದಿಂದ ಮಾತಿಲ್ಲ. ಅಣ್ಣನಿಗೆ ಏನಾದರೂ ತಿಳಿಸಲೇಬೇಕಾದರೆ ತಂಗಿ ಬೆಕ್ಕಿಗೆ ಗಟ್ಟಿಯಾಗಿ ಹೇಳುತ್ತಾರೆ: ನಲ್ಲಿ ನೀರು ನಾಳೆ ಬರಲ್ಲವಂತೆ. ಅಣ್ಣ ಬೆಕ್ಕಿಗೇ ಉತ್ತರ ಕೊಡುತ್ತಾರೆ. ಬೆಕ್ಕಿಗೆ ಎರಡೂ ಮನೆಯಲ್ಲಿ ಊಟವಾಗಿ ಮೈ ಬಂದಿದೆ.

ಇಷ್ಟನ್ನು ಹೇಳುವಾಗ ಗೂಡಮ್ಮನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.  ಸಾಂದ್ರಕ್ಕನಿಗೆ ಅಳಬೇಡ ಎಂದ ಅತ್ತೆಯ ಮಾತು ನೆನಪಾಗಿ, ಗೋಡೆಯ ಮೇಲಿನ ಕ್ಯಾಲೆಂಡರಿನ ಸಾಲುಗಳನ್ನು ಒಂದೊಂದಾಗಿ ಓದಿದಳು. ಅಳಲಿಲ್ಲ.

ನಲವತ್ತು ಎಂಬ ಒಂದು ಅಂಕಿ. ನೂರು ಕಿಲೋ ಕಮ್ಮಿ ಬರೆದದ್ದು ಎಲ್ಲಿ, ಅದರ ಭಾರ ಬಂದು ಬಿದ್ದದ್ದು ಎಲ್ಲಿ. (ಈ ವಾಕ್ಯ ಚೆನ್ನಾಗಿದೆ ಎಂದು ಇಟ್ಟುಕೊಂಡಿದ್ದೇನೆ. ಆಕೆಗೆ ಇಷ್ಟವಾಗಲಿಲ್ಲ. ಇಷ್ಟವಾಗದೆ ಇರಲು ಆಕೆಗೆ ಹಕ್ಕಿದೆ.)

೮

ಗೂಡಮ್ಮ ಎದ್ದರು. ಬನ್ನಿ, ಇದನ್ನು ನೀವೇ ಅವನಿಗೆ ಹೇಳಿ ಎಂದು ಮುಂದೆ ನಡೆದರು. ಅಂಗಳದ ನಡುವೆ ನಿಂತು, ಬೇಡ, ನಾನೇ ಹೇಳುತ್ತೇನೆ ಎಂದರು.

ಉರಿಯಣ್ಣನಿಗೆ ಅವತ್ತು ರಜೆ. ಹೊಸ್ತಿಲ ಮೇಲೆ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು.

“ನೀನು ಹೇಳಿದ್ದು ಸರಿ ಇತ್ತಂತೆ” ಎಂದರು ತಂಗಿ.

ಅಣ್ಣ ಮೊದಲು ಸುತ್ತ ನೋಡಿದರು, ಬೆಕ್ಕು ಎಲ್ಲಿದೆ ಎಂದು. ಬೆಕ್ಕು ಇರಲಿಲ್ಲ. ಆಗ ತಂಗಿಯ ಮುಖ ನೋಡಿದರು.

ಸಾಂದ್ರಕ್ಕ ಮತ್ತೊಮ್ಮೆ ಎಲ್ಲವನ್ನೂ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಸುಲಭವಾಗಲಿಲ್ಲ. ಉರಿಯಣ್ಣ ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೇಳಿದರು. ಕೇಳಿ ಮುಗಿದ ಮೇಲೂ ತಿರುಗಿಸುತ್ತಿದ್ದರು.

ಈ ಜಾಗದಲ್ಲಿ ಅವರು ‘ನಾನು ಆವತ್ತೇ ಹೇಳಲಿಲ್ಲವಾ’ ಎನ್ನಬೇಕು ಎಂದು ನಾನು ಬರೆದುಕೊಟ್ಟಿದ್ದೆ. ಅವರು ಅದನ್ನು ಓದಿ ಮಡಿಸಿ ಜೇಬಿಗೆ ಹಾಕಿಕೊಂಡರು.

“ನನಗೇನೂ ಗೊತ್ತಿರ್ಲಿಲ್ಲ. ಲೆಕ್ಕ ಸುಳ್ಳು ಅಂದಿದ್ದು ಸಿಟ್ಟಿಗೆ. ನಿಜ ಆಗಿದ್ರೂ ಹಾಗೇ ಅಂತಿದ್ದೆ” ಎಂದರು.

ಗೂಡಮ್ಮ ಹೊಸ್ತಿಲ ಇನ್ನೊಂದು ಕೊನೆಯಲ್ಲಿ ಕೂತರು. ನಡುವೆ ಸೈಕಲ್ಲಿತ್ತು. ಎರಡು ವರ್ಷದಿಂದ ನಿನಗೆ ಅನ್ಯಾಯ ಮಾಡಿದೆನೇನೋ ಎಂದು ಒಳಗೊಳಗೇ ಕೊರಗುತ್ತಿದ್ದೆ, ಈಗ ನೀನು ಹೀಗನ್ನುತ್ತೀಯಲ್ಲ ಎಂದರು. ಕೊರಗಿದ್ದು ನನಗೇನು ಗೊತ್ತು, ಬೆಕ್ಕು ಹೇಳಲಿಲ್ಲ ಎಂದರು ಅಣ್ಣ. ಇಬ್ಬರೂ ನಗಲಿಲ್ಲ. ಆದರೆ ಸಾಂದ್ರಕ್ಕನಿಗೆ ಅಲ್ಲಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು ಎನಿಸಿತು, ಸರಿದು ನಿಂತಳು.

ಆಮೇಲೆ ಉರಿಯಣ್ಣ ಆಕೆಯ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದರು.

“ನಮ್ಮ ಇಟ್ಟಿಗೆ ಎಷ್ಟು ತೂಗುತ್ತೆ ಅಂತ ಬರ್ಕೊಂಡಿದ್ದೀರಿ?”

ಹದಿನೈದು ವರ್ಷದಿಂದ ಎಲ್ಲರನ್ನೂ ಕೇಳುತ್ತ ಬಂದ ಪ್ರಶ್ನೆ. ಈ ಇಟ್ಟಿಗೆಯ ಬಗ್ಗೆ ಆಕೆ ಅದನ್ನು ಕೇಳಿರಲಿಲ್ಲ. ಆರುನೂರ ಐವತ್ತು, ಸರಾಸರಿ ಅಂಕಿ ಎಂದಳು.

“ಯಾರ ಸರಾಸರಿ?”

೯

ಹಳೆಯ ಹದದ ಇಟ್ಟಿಗೆಗಳು ಹಿತ್ತಿಲ ಗೋಡೆಯ ಪಕ್ಕ ಒಂದು ರಾಶಿ ಉಳಿದಿದ್ದವು. ಉರಿಯಣ್ಣ ಒಂದನ್ನು ತಂದು ತಕ್ಕಡಿಯ ಮೇಲಿಟ್ಟರು. ಸಾಂದ್ರಕ್ಕ ಟೇಪು ಹಿಡಿದು ಉದ್ದ, ಅಗಲ, ಎತ್ತರ ಅಳೆದಳು. ಆ ಗಾತ್ರಕ್ಕೆ ವಸ್ತುಕೋಶದ ಪ್ರಕಾರ ಹದಿನೈದು ಕಿಲೋ ಒಳಗಿರಬೇಕು. ತಕ್ಕಡಿ ಹದಿನೇಳೂವರೆ ತೋರಿಸಿತು. ಇನ್ನೊಂದನ್ನು ಇಟ್ಟರು, ಅದೂ ಅಷ್ಟೇ.

ಘನ ಮೀಟರಿಗೆ ಏಳುನೂರ ಎಂಬತ್ತು ಕಿಲೋ. ಅಂದರೆ ಆ ಗೋಡೆಯ ಇಂಗಾಲ ಐವತ್ತನಾಲ್ಕಲ್ಲ. ಸಾಂದ್ರಕ್ಕ ಮನಸ್ಸಿನಲ್ಲೇ ಗುಣಿಸಿದಳು. ಸುಮಾರು ಅರವತ್ತೈದು.

ಕಲ್ಲುಣ್ಣೆಯದು ಅರವತ್ತೇಳೂವರೆ. ಇಟ್ಟಿಗೆ ಇನ್ನೂ ಎರಡೂವರೆ ಕಿಲೋ ಕಮ್ಮಿ. ಆದರೆ ಇಟ್ಟಿಗೆ ಭಾರವಾದಷ್ಟೂ ಶಾಖವನ್ನು ಹೆಚ್ಚು ಹೊರಗೆ ಬಿಟ್ಟುಕೊಡುತ್ತದೆ. ತೂಕವೊಂದನ್ನು ತಿದ್ದಿ ಶಾಖವನ್ನು ಹಾಗೇ ಬಿಟ್ಟರೆ ಅದು ಮತ್ತೆ ಇಲ್ಲದ ವಸ್ತುವೇ ಆಗುತ್ತದೆ. ಶಾಖವನ್ನೂ ತಿದ್ದಿದರೆ ಗೋಡೆಯನ್ನು ಇನ್ನಷ್ಟು ದಪ್ಪ ಮಾಡಬೇಕಾಗಬಹುದು. ಎಷ್ಟು ದಪ್ಪ? ಎರಡೂವರೆ ಕಿಲೋವನ್ನು ನುಂಗಿಹಾಕುವಷ್ಟೇ? ಅದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದೆ ಯಾರಿಗೂ ಗೊತ್ತಾಗುವಂಥದ್ದಲ್ಲ.

ಇಲ್ಲಿ ನಾನು ಸಾಂದ್ರಕ್ಕನನ್ನು ಕೈಮುಗಿದು ಕೇಳಿಕೊಂಡೆ. ಅಣ್ಣ ತಂಗಿ ಒಂದೇ ಹೊಸ್ತಿಲಲ್ಲಿ ಕೂತಿದ್ದಾರೆ. ನೀನು ತಪ್ಪೊಪ್ಪಿಕೊಂಡಾಗಿದೆ. ಓದುಗರ ಕಣ್ಣೂ ಸ್ವಲ್ಪ ಒದ್ದೆಯಾಗಿರಬಹುದು. ಟೇಪು ಸುತ್ತಿ ಬ್ಯಾಗಿಗೆ ಹಾಕಿಕೋ, ನಮಸ್ಕಾರ ಹೇಳು, ಬಸ್ಸು ಹತ್ತು. ಈ ಎರಡನೆಯ ಅಂಕಿಯ ವಿಷಯ ಆಫೀಸಿಗೆ ಹೋದ ಮೇಲೆ ಒಂದು ಇಮೇಲಿನಲ್ಲಿ ಬರೆದರಾಯಿತು.

 ಆಕೆ ನನ್ನನ್ನು ಬಿಟ್ಟು ಅವರಿಬ್ಬರಿಗೆ ಹೇಳಿದಳು: ನೀವು ಗೆಲ್ಲುತ್ತಿದ್ದಿರಿ ಎಂದು ಒಳಗೆ ಹೇಳಿದೆನಲ್ಲ, ಅದೂ ನನಗೆ ಗೊತ್ತಿಲ್ಲ. ಗೆಲ್ಲುತ್ತಿದ್ದಿರೋ ಸೋಲುತ್ತಿದ್ದಿರೋ, ಈಗ ಹೇಳಲಾರೆ.

ಗೂಡಮ್ಮ ತಕ್ಕಡಿಯ ಮುಳ್ಳನ್ನು ನೋಡಿದರು.

“ಒಂದು ಗಂಟೆ ಸಂತೋಷವಾ ನಮ್ಮದು?” ಎಂದರು.

“ಮುಕ್ಕಾಲು” ಎಂದರು ಉರಿಯಣ್ಣ. ಆಮೇಲೆ ಸಾಂದ್ರಕ್ಕನಿಗೆ, “ನಿಮ್ಮ ಕಂಪ್ಯೂಟರಲ್ಲಿ ‘ಸರಿಯಾಗಿ ಗೊತ್ತಿಲ್ಲ’ ಅಂತ ಬರೆಯೋಕೆ ಜಾಗ ಇದೆಯಾ?”

ಇತ್ತು. ಪ್ರತಿ ಅಂಕಿಯ ಪಕ್ಕದಲ್ಲೂ ಒಂದು ಚೌಕ, ಈ ಅಂಕಿ ಎಷ್ಟರಮಟ್ಟಿಗೆ ಅತ್ತಿತ್ತ ಆಗಬಹುದು ಎಂದು ಬರೆಯಲು. ಇದೆ, ಯಾರೂ ತುಂಬುವುದಿಲ್ಲ ಎಂದಳು. ನಾನೂ ತುಂಬಿಲ್ಲ ಎಂದೂ ಸೇರಿಸಿದಳು.

೧೦

(ಮುಂದೆ ಆದದ್ದನ್ನು ಇಲ್ಲೇ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ, ಕೊನೆಯಲ್ಲಿ ಹೇಳಿದರೆ ಅದನ್ನೇ ನೀವು ಮುಕ್ತಾಯ ಎಂದುಕೊಂಡೀರಿ. ಅರವತ್ತೊಂದು ಕಾಗದಕ್ಕೆ ಮೂವತ್ತೆಂಟು ಉತ್ತರ ಬಂತು. ಇಬ್ಬರು ಸಾಫ್ಟ್‌ವೇರ್ ಬಿಟ್ಟರು. ಐದಾರು ಜನ ತಮ್ಮ ಕಡೆಯ ಇಂಥವೇ ತಪ್ಪುಗಳನ್ನು ಬರೆದು ಕಳಿಸಿದರು. ದಾಸ್ತಾನಿನವರು ಕ್ರೇನನ್ನು ಬದಲಾಯಿಸಿಕೊಂಡರು. ಕಲ್ಲುಣ್ಣೆ ಮತ್ತೆ ಎರಡು ಸಾಲಾಯಿತು. ಮುಖ್ಯಸ್ಥ ಆ ಖಾಲಿ ಚೌಕಗಳನ್ನು ತುಂಬಲು ಇಡೀ ಆಫೀಸನ್ನು ಎರಡು ವಾರ ಕೂರಿಸಿದ, ತಾನೂ ಕೂತ. ವಾಚನಾಲಯ ಚೆನ್ನಾಗಿದೆ, ಒಳಗೆ ಬೆಚ್ಚಗಿದೆ, ಯಾರೂ ಅದನ್ನು ಕೆಡವುವುದಿಲ್ಲ. ಉರಿಯಣ್ಣ ಹೆಂಚಿನ ಕಾರ್ಖಾನೆ ಬಿಟ್ಟಿಲ್ಲ, ಆದರೆ ರಜೆಯ ದಿನ ಗೂಡಿನ ಹತ್ತಿರ ಬಂದು ಉರಿ ನೋಡಿ ಹೋಗುತ್ತಾರೆ. ಗೂಡಿನ ಅರ್ಧಭಾಗದಲ್ಲಿ ಹಳೆಯ ಹದ, ಅರ್ಧಭಾಗದಲ್ಲಿ ಹೊಸದು.)

ಮುಕ್ತಾಯಕ್ಕೆ ನಾನು ಎರಡು ಕರಡು ಮಾಡಿದ್ದೆ.

ಅ. ಗೂಡಮ್ಮ ಸಿಟ್ಟಿನಿಂದ ಸಾಂದ್ರಕ್ಕನನ್ನು ಹೊರಗೆ ಕಳಿಸುತ್ತಾರೆ, ಅಣ್ಣ ತಂಗಿ ಆ ಸಿಟ್ಟಿನಲ್ಲಿ ಒಂದಾಗುತ್ತಾರೆ. ಇದನ್ನು ಗೂಡಮ್ಮ ತಳ್ಳಿಹಾಕಿದರು. ಮನೆಗೆ ಬಂದು ನಿಜ ಹೇಳಿದವಳನ್ನು ಹೊರಗೆ ಕಳಿಸುವಂಥವಳು ನಾನಲ್ಲ ಎಂದರು.

ಆ. ಲ್ಯಾಬಿನಿಂದ ಕಾಗದ ಬರುತ್ತದೆ, ಇಟ್ಟಿಗೆಯೇ ಗೆದ್ದಿರುತ್ತದೆ, ಮೂವರೂ ಕಣ್ಣೊರೆಸಿಕೊಳ್ಳುತ್ತಾರೆ. ಇದನ್ನು ಯಾರೂ ಓದಿ ಮುಗಿಸಲೂ ಇಲ್ಲ.

ಲ್ಯಾಬಿನಿಂದ ಕಾಗದವೇನೋ ಬಂದಿದೆ. ಉತ್ತರ ನನಗೆ ಗೊತ್ತು. ಬರೆಯುವುದಿಲ್ಲ. ಬರೆದರೆ ನೀವು ಒಬ್ಬರನ್ನು ಸರಿ, ಒಬ್ಬರನ್ನು ತಪ್ಪು ಎಂದು ಪುಸ್ತಕ ಮುಚ್ಚುತ್ತೀರಿ, ಆ ಅಂಗಳದಲ್ಲಿ ಅವತ್ತು ಮಧ್ಯಾಹ್ನ ನಡೆದದ್ದು ಆ ಮುಚ್ಚಿದ ಪುಸ್ತಕದೊಳಗೆ ಉಳಿದುಬಿಡುತ್ತದೆ.

ನಡೆದದ್ದು ಇದು. ಲ್ಯಾಬಿಗೆ ಯಾವ ಇಟ್ಟಿಗೆ ಕಳಿಸಬೇಕು ಎಂದು ಅಣ್ಣ ತಂಗಿಗೆ ಜಗಳ ಹತ್ತಿತು. ಗೂಡಮ್ಮ ಚೆನ್ನಾಗಿ ಬೆಂದವನ್ನು ಆರಿಸಿಟ್ಟರು. ಅದು ಮೋಸ ಎಂದು ಉರಿಯಣ್ಣ ಅವನ್ನು ಎತ್ತಿ ಆಚೆಗಿಟ್ಟು ಮಬ್ಬುಬಣ್ಣದವನ್ನು ತಂದರು. ನಿನಗೆ ಸೋಲುವುದೆಂದರೆ ಅಷ್ಟು ಇಷ್ಟವೇ ಎಂದು ತಂಗಿ ಕೇಳಿದರು. ಎರಡು ವರ್ಷದ ಮಾತು ಬಾಕಿಯಿತ್ತಲ್ಲ, ಇಬ್ಬರೂ ನಡುವೆ ನಿಲ್ಲಿಸಲಿಲ್ಲ. ಆರಿಸಬಾರದು, ಕಣ್ಣುಮುಚ್ಚಿ ಆರು ಇಟ್ಟಿಗೆ ತೆಗೆಯಬೇಕು, ಅದೇ ನಿಯಮ ಎಂದು ಸಾಂದ್ರಕ್ಕ ಹೇಳಿದಾಗ, ನೀವು ಸುಮ್ಮನಿರಿ ಎಂದು ಇಬ್ಬರೂ ಒಂದೇ ಬಾಯಲ್ಲಿ ಅವಳ ಮೇಲೆ ತಿರುಗಿಬಿದ್ದರು.

ಆಮೇಲೆ ಹಾಗೇ ಮಾಡಿದರು. ಗೂಡಮ್ಮ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ರಾಶಿಯ ಮುಂದೆ ನಿಂತು ಕೈಚಾಚಿ ಮುಟ್ಟುವುದು, ಮುಟ್ಟಿದ್ದನ್ನು ಉರಿಯಣ್ಣ ಎತ್ತಿಡುವುದು. ಐದು ಇಟ್ಟಿಗೆ ಆಯಿತು. ಸಾಂದ್ರಕ್ಕನ ಬಸ್ಸು ಆಗಲೇ ಹೋಗಿದೆ, ಇನ್ನೊಂದು ಯಾವಾಗ ಎಂದು ಆಕೆ ಕೇಳಿಲ್ಲ. ಆರನೆಯದಕ್ಕೆ ಗೂಡಮ್ಮ ಕೈ ಚಾಚಿದ್ದಾರೆ, ಕೈ ಗಾಳಿಯಲ್ಲಿ ಎಡಕ್ಕೆ ಹೋಗುತ್ತಿದೆ, ಬಲಕ್ಕೆ ಬರುತ್ತಿದೆ.

“ನೋಡ್ತಿದ್ದೀಯ ನೀನು” ಎನ್ನುತ್ತಿದ್ದಾರೆ ಅಣ್ಣ.

“ನೋಡ್ತಿಲ್ಲ.”

“ಕರವಸ್ತ್ರ ಸಡಿಲ ಇದೆ.”

“ಹಾಗಾದ್ರೆ ಬಂದು ಬಿಗಿಯಾಗಿ ಕಟ್ಟು.”

ಉರಿಯಣ್ಣ ಕೈಗೆ ಅಂಟಿದ ಸೈಕಲ್ಲಿನ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು, ತಂಗಿಯ ಬೆನ್ನ ಹಿಂದೆ ಹೋಗಿ, ಗಂಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟುತ್ತಿದ್ದಾರೆ.